ಕಾಡೆಮ್ಮೆಯ ಹಗೆ

ಬೇಟೆಯ ಪುಸ್ತಕಗಳನ್ನು ಓದುವ ಚಟವುಳ್ಳವರಿಗೆ ಒಂದು ಮಾತು ಮೇಲಿಂದ ಮೇಲೆ ಎದುರಾಗುತ್ತದೆ: ಕಾಡೆಮ್ಮೆ ಹಗೆ ಸಾಧಿಸುವ ಪ್ರಾಣಿ. ಸಿಂಹ ಹಸಿದರೆ ಕೊಲ್ಲುತ್ತದೆ, ಆನೆ ಮದವೇರಿದರೆ ಕೊಲ್ಲುತ್ತದೆ. ಆಫ್ರಿಕದ ಕಾಡೆಮ್ಮೆಯಾದರೋ ಮನಸ್ಸಿನಲ್ಲಿಟ್ಟುಕೊಂಡು ಕೊಲ್ಲುತ್ತದೆ. ಗುಂಡು ತಿಂದು ಪೊದೆ ಸೇರುತ್ತದೆ, ತನ್ನ ಜಾಡಿಗೆ ತಾನೇ ಸುತ್ತುಹಾಕಿ ಬಂದು ಹೊಂಚಿ ನಿಲ್ಲುತ್ತದೆ, ಕೆಡವಿದ ಮೇಲೂ ಬಿಡದೆ ತುಳಿಯುತ್ತದೆ. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಪ್ರಾಣಿಶಾಸ್ತ್ರ ಬಲ್ಲವರು ನೋಡಿಕೊಳ್ಳಲಿ. ನನ್ನ ಪ್ರಶ್ನೆ ಸಾಹಿತ್ಯಕ್ಕೆ ಸೇರಿದ್ದು: ಈ ಕಥೆಗಳು ಎಲ್ಲಿಂದ ಆರಂಭವಾಗುತ್ತವೆ?

ಮೊದಲೇ ಒಂದು ಗೊಂದಲವನ್ನು ಬಗೆಹರಿಸಿಬಿಡಬೇಕು. ನಮ್ಮ ಮಲೆನಾಡಿನಲ್ಲಿ ಕಾಡೆಮ್ಮೆ, ಕಾಡುಕೋಣ ಎಂದೆಲ್ಲ ಕರೆಯುವುದು ಕಾಟಿಯನ್ನು. ಅದು ಎಮ್ಮೆಯ ಬಳಗದ್ದಲ್ಲ, ದನದ ಬಳಗದ್ದು. ಬ್ರಿಟಿಷ್ ಶಿಕಾರಿಗಳು ಅದನ್ನು ಬೈಸನ್ ಎಂದು ಕರೆದು ಇನ್ನೊಂದು ತಪ್ಪು ಸೇರಿಸಿದರು. ನಿಜವಾದ ಕಾಡೆಮ್ಮೆ, ಅಂದರೆ ನಮ್ಮ ಕೊಟ್ಟಿಗೆಯ ಎಮ್ಮೆಯ ಮೂಲ, ಭಾರತದಲ್ಲಿ ಈಗ ಹೆಚ್ಚಾಗಿ ಉಳಿದಿರುವುದು ಅಸ್ಸಾಮಿನ ಕಾಜಿರಂಗದ ಕಡೆ. ಆಫ್ರಿಕದ್ದು ಮೂರನೆಯ ಜಾತಿ, ಅದನ್ನು ಯಾರೂ ಎಂದೂ ಪಳಗಿಸಿ ಕೊಟ್ಟಿಗೆಗೆ ಕಟ್ಟಿಲ್ಲ. ಪ್ರಾಣಿ ಬೇರೆಬೇರೆಯಾದರೂ ಶಿಕಾರಿಗಳು ಮೂರಕ್ಕೂ ಕೊಟ್ಟ ಗುಣ ಒಂದೇ, ಸೇಡು. ಕೋಣವನ್ನು ಯಮನ ವಾಹನ ಮಾಡಿ, ಮಹಿಷನ ಹೆಸರಿನಲ್ಲಿ ಊರನ್ನೇ ಇಟ್ಟುಕೊಂಡ ನಮಗೆ ಈ ಗುಣಾರೋಪ ಸಲೀಸಾಗಿ ಗಂಟಲಲ್ಲಿ ಇಳಿಯುವುದು ಸಹಜ.

ಅಪಾಯವೇನೋ ನಿಜ. ಆಫ್ರಿಕದ ಬಲಿತ ಕೋಣ 700, 800 ಕಿಲೋ ತೂಗುತ್ತದೆ. ಮುದಿ ಕೋಣದ ಎರಡು ಕೊಂಬುಗಳ ಬುಡ ಹಣೆಯ ಮೇಲೆ ಕೂಡಿಕೊಂಡು ಶಿರಸ್ತ್ರಾಣದಂತೆ ಗಟ್ಟಿಯಾಗಿರುತ್ತದೆ; ಗುರಿ ಸ್ವಲ್ಪ ಮೇಲಾದರೆ ಗುಂಡು ಕೊಂಬಿನ ಚೂರು ಹಾರಿಸುತ್ತದೆಯೇ ಹೊರತು ಮಿದುಳನ್ನು ಮುಟ್ಟುವುದಿಲ್ಲ. ಮೇಲೆ ಬೀಳುವಾಗ ಅದು ಮೂತಿ ಮುಂದೆ ಚಾಚಿ, ತಲೆಯೆತ್ತಿಕೊಂಡು ಬರುತ್ತದೆ, ಹಾಯುವ ಕ್ಷಣಕ್ಕೆ ಮಾತ್ರ ತಲೆ ತಗ್ಗಿಸುತ್ತದೆ. ಕರುವಿನ ಕೂಗಿಗೆ ಇಡೀ ಹಿಂಡು ತಿರುಗಿ ಬಂದು ಸಿಂಹಗಳನ್ನು ಅಟ್ಟಿಬಿಡುವುದೂ ಉಂಟು. ಇಂಥ ಪ್ರಾಣಿಯ ಎದುರು ಕೋವಿ ಹಿಡಿದು ನಿಂತವನಿಗೆ ಎದೆ ಹೊಡೆದುಕೊಳ್ಳದಿದ್ದರೆ ಅವನು ಮನುಷ್ಯನೇ ಅಲ್ಲ. ಆದರೆ ಅಪಾಯ ಬೇರೆ, ಹಗೆತನ ಬೇರೆ. ಯಾವುದು ಹೆಚ್ಚು ಅಪಾಯದ ಪ್ರಾಣಿ ಎಂಬುದರಲ್ಲೇ ನುರಿತ ಬೇಟೆಗಾರರಿಗೆ ಒಮ್ಮತವಿರಲಿಲ್ಲ. 1910ರಲ್ಲಿ ಬಂದ ತಮ್ಮ ಆಫ್ರಿಕದ ಬೇಟೆಯ ಪುಸ್ತಕದಲ್ಲಿ ಥಿಯೊಡೋರ್ ರೂಸ್‌ವೆಲ್ಟರು ಈ ಭಿನ್ನಾಭಿಪ್ರಾಯವನ್ನು ಚರ್ಚಿಸಿದ್ದಾರೆ. ಜೀವಮಾನವನ್ನೇ ಅಲ್ಲಿ ಕಳೆದ ಸೆಲೂಸರು ಮೊದಲ ಸ್ಥಾನ ಕೊಟ್ಟದ್ದು ಸಿಂಹಕ್ಕೆ.

ಹಗೆಯ ಕಥೆಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿ. ಬಹುಪಾಲು ಕಥೆಗಳಲ್ಲಿ ಕಾಡೆಮ್ಮೆ ಗಾಯಗೊಂಡಿರುತ್ತದೆ. ಸಿಂಹಳದ ಮಿನ್ನೇರಿಯ ಕೆರೆಯ ಬಳಿ ಸ್ಯಾಮ್ಯುಯೆಲ್ ಬೇಕರ್ ಗುಂಡು ಮುಗಿದಾಗ ಜೇಬಿನ ಚಿಲ್ಲರೆ ನಾಣ್ಯಗಳನ್ನೇ ಕೋವಿಗೆ ತುಂಬಿ ಕೋಣದ ಹಣೆಗೆ ಹಾರಿಸಿದ ಪ್ರಸಂಗ ಬೇಟೆ ಸಾಹಿತ್ಯದಲ್ಲಿ ಪ್ರಸಿದ್ಧ. ಓದುವಾಗ ನಾಣ್ಯದ ಚಮತ್ಕಾರಕ್ಕೆ ಬೆರಗಾಗುತ್ತೇವೆ. ಗುಂಡುಗಳೆಲ್ಲ ಎಲ್ಲಿ ಹೋದವು ಎಂದು ಕೇಳುವುದಿಲ್ಲ. ಅವು ಆ ಕೋಣನ ಮೈಯಲ್ಲೂ ಅದರ ಜೊತೆಯವುಗಳ ಮೈಯಲ್ಲೂ ಇದ್ದವು!

ಇದನ್ನು ಜಿಮ್ ಕಾರ್ಬೆಟ್ಟರ ರೀತಿಗೆ ಹೋಲಿಸಬೇಕು. 1907ರಲ್ಲಿ ಅವರು ಕೊಂದ ಚಂಪಾವತದ ಹುಲಿಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಅದು ನರಭಕ್ಷಕಿಯಾದದ್ದು ಅದರಿಂದ ಎಂದು ಅವರೇ ಬರೆಯುತ್ತಾರೆ. ಅಂದರೆ ನೂರಾರು ಜನರನ್ನು ತಿಂದ ಹುಲಿಗೂ ಒಂದು ಪೂರ್ವಕಥೆಯಿದೆ. ಕಾಡೆಮ್ಮೆಗೆ ಆ ಭಾಗ್ಯವಿಲ್ಲ. ಅದರ ಕಥೆ ಅದು ಪೊದೆಯಿಂದ ನುಗ್ಗಿದ ಗಳಿಗೆಯಿಂದಲೇ ಆರಂಭ.

ಈ ದೃಷ್ಟಿಯಿಂದ ಹೆಮಿಂಗ್ವೆಯ ಪ್ರಸಿದ್ಧ ಕಥೆಯನ್ನು, 1936ರಲ್ಲಿ ಪ್ರಕಟವಾದ 'ಫ್ರಾನ್ಸಿಸ್ ಮಕೋಂಬರನ ಅಲ್ಪಕಾಲದ ಸುಖಜೀವನ'ವನ್ನು, ಮತ್ತೆ ಓದಿದೆ. ತೌಲನಿಕ ಸಾಹಿತ್ಯದ ಪಾಠಕ್ಕಾಗಿ ಹಲವು ವರ್ಷ ಇದನ್ನು ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ಶ್ರೀಮಂತ ಅಮೆರಿಕನ್ ಮಕೋಂಬರ್ ಗಾಯಗೊಂಡ ಸಿಂಹಕ್ಕೆ ಹೆದರಿ ಓಡುತ್ತಾನೆ. ಹೆಂಡತಿಯ ತಿರಸ್ಕಾರಕ್ಕೆ ಗುರಿಯಾಗುತ್ತಾನೆ. ಮರುದಿನ ಕಾಡೆಮ್ಮೆಗಳ ಬೇಟೆಯಲ್ಲಿ ಭಯ ಕಳೆದುಕೊಂಡು ಗಂಡಸಾಗುತ್ತಾನೆ. ಎದುರಿಗೆ ಬರುತ್ತಿರುವ ಕೋಣಕ್ಕೆ ಬೆನ್ನು ತೋರಿಸದೆ ನಿಂತಾಗ ಕಾರಿನಿಂದ ಹೆಂಡತಿ ಹಾರಿಸಿದ ಗುಂಡು ಅವನ ತಲೆಗೇ ತಗಲುತ್ತದೆ. ಅವಳು ಬೇಕೆಂದೇ ಹೊಡೆದಳೇ ಎಂಬ ಚರ್ಚೆಯಲ್ಲಿ ವಿಮರ್ಶಕರು ರಾಶಿ ಕಾಗದ ಖರ್ಚು ಮಾಡಿದ್ದಾರೆ. ನಾನೂ ಹುಡುಗರ ಎದುರು ಎಷ್ಟೋ ಸೀಮೆಸುಣ್ಣ ಸವೆಸಿದ್ದೇನೆ.

ನಾನು ಹಾರಿಸಿಕೊಂಡು ಹೋಗುತ್ತಿದ್ದ ಒಂದು ಭಾಗವಿದೆ. ಆ ಮೂರು ಕೋಣಗಳನ್ನು ಅವರು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾರೆ. ಪಕ್ಕಕ್ಕೆ ಕಾರು ತಂದು, ಧುಮುಕಿ, ಓಡುತ್ತಿರುವ ಪ್ರಾಣಿಗಳ ಮೈಗೆ ಗುಂಡು ಹೊಡೆಯುತ್ತಾರೆ. ಇದು ಕಾನೂನಿಗೆ ವಿರುದ್ಧ. ನೈರೋಬಿಯಲ್ಲಿ ಗೊತ್ತಾದರೆ ತನ್ನ ಪರವಾನಗಿ ಹೋಗುತ್ತದೆಂದು ವೃತ್ತಿ ಬೇಟೆಗಾರ ವಿಲ್ಸನನೇ ಒಪ್ಪಿಕೊಳ್ಳುತ್ತಾನೆ. ಮಕೋಂಬರನ ಭಯ ಬಿಟ್ಟುಹೋದದ್ದು ಈ ಓಟದಲ್ಲಿ. ಧೈರ್ಯ ಬಂದದ್ದು ಮೋಟಾರಿನ ಮೇಲೆ, ಸ್ವಾಮಿ! ಬಿತ್ತೆಂದು ತಿಳಿದ ಮೊದಲನೆಯ ಕೋಣ ಎದ್ದು ಪೊದೆ ಸೇರಿದೆ ಎಂಬ ಸುದ್ದಿ ಆಮೇಲೆ ಬರುತ್ತದೆ. ಅದು ಕೊನೆಗೆ ನುಗ್ಗಿ ಬಂದಾಗ ಮಕೋಂಬರನ ಗುಂಡುಗಳು ಮೇಲಾಗಿ ಕೊಂಬಿಗೇ ಬಡಿಯುತ್ತವೆ.

ಹೆಮಿಂಗ್ವೆಗೆ ನ್ಯಾಯವಾಗಿ ಹೇಳಬೇಕಾದ ಮಾತೆಂದರೆ, ಆತ ಯಾವುದನ್ನೂ ಮುಚ್ಚಿಡಲಿಲ್ಲ. ಕಾರು, ಕಾನೂನು, ಕೆಟ್ಟ ಏಟು ಎಲ್ಲವೂ ಕಥೆಯಲ್ಲಿವೆ. 1933–34ರಲ್ಲಿ ತಾನೇ ಅಲ್ಲಿ ಬೇಟೆಯಾಡಿ ಬಂದವನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಲೋಭ ಉಳಿಯಿತು. ಗಾಯಗೊಂಡ ಸಿಂಹದ ಒಳಗೆ ಹೊಕ್ಕು ಅದರ ನೋವನ್ನು, ಹುಲ್ಲಿನಲ್ಲಿ ಮಲಗಿ ಕಾಯುವ ಅದರ ಮನಸ್ಸನ್ನು ಬರೆದ ಲೇಖಕ, ಕಾಡೆಮ್ಮೆಯನ್ನು ಹೊರಗಿನಿಂದ ಮಾತ್ರ ನೋಡುತ್ತಾನೆ. ಸಿಂಹಕ್ಕೆ ಆತ್ಮ, ಕೋಣಕ್ಕೆ ತೂಕ! ಮಕೋಂಬರನ ಗಂಡಸುತನಕ್ಕೆ ಹಾಯಲು ಒಂದು ಗೋಡೆ ಬೇಕಾಗಿತ್ತು. ಗೋಡೆಗೆ ನೋವಿದೆಯೆಂದರೆ ಕಥೆ ವಾಲುತ್ತಿತ್ತು. ಇಷ್ಟು ದೊಡ್ಡ ಕಥೆಯಲ್ಲಿ ಇದೊಂದು ಲೋಪವೆಂದೇ ನನ್ನ ಎಣಿಕೆ.

ಆ ಕೋಣದ ಪೂರ್ವಜರಿಗೂ ಒಂದು ಕಥೆಯಿತ್ತು. 1890ರ ದಶಕದಲ್ಲಿ ದೊಡ್ಡರೋಗ ಸಾಕಿದ ದನಗಳಿಂದ ಕಾಡಿಗೆ ಹರಡಿ, ಆಫ್ರಿಕದ ಪೂರ್ವದಲ್ಲೂ ದಕ್ಷಿಣದಲ್ಲೂ ಕಾಡೆಮ್ಮೆಗಳನ್ನು ಬಹುಮಟ್ಟಿಗೆ ಬಳಿದುಹಾಕಿತು. ಬೇಟೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಅತ್ಯಲ್ಪ.

ಇಷ್ಟು ಖಡಾಖಂಡಿತವಾಗಿ ಬರೆಯಲು ನನಗೆ ಅಧಿಕಾರವಿದೆಯೇ ಎಂದರೆ, ತಪ್ಪಿತಸ್ಥನ ಅಧಿಕಾರವಿದೆ. ನನ್ನ ಚಿಕ್ಕಜ್ಜ, ಅಂದರೆ ಅಜ್ಜನ ತಮ್ಮ, ಕಾಟಿ ಹಾದು ಕಾಲು ಕುಂಟಾದವರು. 1972ರ ಕಾಯಿದೆಗೆ ಎಷ್ಟೋ ಮೊದಲಿನ ಮಾತು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತ ಅವರು ಹೇಳುತ್ತಿದ್ದ ಕಥೆಯಲ್ಲಿ ಕಾಟಿ ಹಳ್ಳದ ಬಳಿ ಅವರಿಗಾಗಿಯೇ ರಾತ್ರಿಯೆಲ್ಲ ಹೊಂಚು ಕೂತಿತ್ತು. "ಅದಕ್ಕೆ ನನ್ನ ಮುಖದ ಗುರುತಿತ್ತು ಮಗಾ" ಎನ್ನುತ್ತಿದ್ದರು. ಆ ವಾಕ್ಯಕ್ಕೆ ಮರುಳಾಗಿ ಎಂ.ಎ. ಓದುವಾಗ ಕಾಲೇಜಿನ ಪತ್ರಿಕೆಗೆ ಪ್ರಬಂಧವನ್ನೇ ಬರೆದೆ. ಬಹುಮಾನವೂ ಬಂತು.

ಚಿಕ್ಕಜ್ಜ ತೀರಿಕೊಂಡ ವರ್ಷ, ಅಂದು ಅವರ ಜೊತೆ ಜಾಡು ಹಿಡಿಯಲು ಹೋಗಿದ್ದ ಮುದುಕ ಮನೆಗೆ ಬಂದಿದ್ದ. ಆ ಕಥೆ ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹೊಡೆದದ್ದು ಕಪ್ಪಾದ ಮೇಲೆ, ಅಯ್ಯಾ. ಎಲ್ಲಿಗೆ ತಾಗ್ತು ಅಂತ ಅವರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೋದಾಗ ಕೊರಕಲಿನಲ್ಲಿ ಮಲಗಿತ್ತು. ಕೊರಕಲಿಗೆ ಇದ್ದದ್ದು ಒಂದೇ ಬಾಯಿ. ಆ ಬಾಯಲ್ಲಿ ನಾವು ನಿಂತಿದ್ದೆವು."

ಚಿಕ್ಕಜ್ಜನಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ನಲವತ್ತು ವರ್ಷ ಆ ಕಾಲನ್ನು ಎಳೆದುಕೊಂಡು ಓಡಾಡಲು ಅವರಿಗೆ ಒಂದು ಹಗೆ ಬೇಕಾಗಿತ್ತೇನೋ. ಅದನ್ನು ನಾನು ಆಕ್ಷೇಪಿಸಲಾರೆ. ಬಹುಮಾನ ಪಡೆದ ನನಗೆ ಏನು ಬೇಕಾಗಿತ್ತು ಎಂಬುದೇ ಬೇರೆ ಮಾತು.

ಈ ವರ್ಷ ತರಗತಿಯಲ್ಲಿ ಮಕೋಂಬರನ ಕಥೆಯನ್ನು ಕಾರಿನ ಭಾಗದಿಂದ ಆರಂಭಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸಿಂಹ ಬಿಟ್ಟೇ ಹೋಯ್ತಲ್ಲ, ಸಾರ್" ಎಂದ. ಅದು ನಾಳೆ ಎಂದೆ.