ಹದಿನಾರಕ್ಕೇ ಬೀಳುವ ಅಗುಳಿ

"ಮಾಸ್ಟ್ರೇ, ಫಿಸಿಯೋಥೆರಪಿಗೆ ಅರ್ಜಿ ಹಾಕ್ಲಿಕ್ಕೆ ಕೊನೇ ದಿನ ಯಾವಾಗ?"

ಎರಡು ವರ್ಷದ ಹಿಂದೆ ಕೊಕ್ಕಡ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದ್ದಳು. ಜೊತೆಯಲ್ಲಿ ಅಪ್ಪ. ರಬ್ಬರ್ ಟ್ಯಾಪಿಂಗ್ ಮುಗಿಸಿ ನೇರ ಬಂದಿದ್ದರು, ಅಂಗಿಯಲ್ಲಿ ರಬ್ಬರ್ ಹಾಲಿನ ವಾಸನೆ ಇನ್ನೂ ಇತ್ತು. ಅವಳು ಪ್ಲಾಸ್ಟಿಕ್ ಕವರಿನಿಂದ ಪಿಯುಸಿ ಅಂಕಪಟ್ಟಿ ತೆಗೆದು ಕೈಗಿಟ್ಟಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನಾಲ್ಕರಲ್ಲೂ ತೊಂಬತ್ತರ ಮೇಲೆ. ಅದನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ನನಗೆ ಮಾತು ಬರಲಿಲ್ಲ.

ಅವಳಿಗಿಂತ ಆರು ವರ್ಷ ದೊಡ್ಡ ಅಣ್ಣ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇದ್ದಾನೆ. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಗೇರು ತೋಪುಗಳ ಮೇಲೆ ಎಂಬತ್ತರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಊರಲ್ಲಿ ಎಂಡೋ ಬಾಧಿತರ ಪಾಲನಾ ಕೇಂದ್ರ ಶುರುವಾದ ಮೇಲೆ ಈ ಹುಡುಗಿ ಅಲ್ಲಿ ನೋಡಿ ನೋಡಿ ಅಣ್ಣನ ಕಾಲು ಬಿಡಿಸುವುದನ್ನು ಕಲಿತಳು. ಒಮ್ಮೆ ಅವರ ಮನೆಗೆ ಹೋದಾಗ ನಾನೇ ಕಂಡಿದ್ದೇನೆ. ಹಿಮ್ಮಡಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು, ಇನ್ನೊಂದು ಕೈಯನ್ನು ಮಂಡಿಯ ಮೇಲೆ ಹಗುರಾಗಿ ಇಟ್ಟು, ಬಿಗಿದುಕೊಂಡ ಕಾಲನ್ನು ನಿಧಾನ ಎಳೆಯುತ್ತಾಳೆ. ತುಳುವಿನಲ್ಲಿ ಮೂವತ್ತರವರೆಗೆ ಎಣಿಸುತ್ತಾಳೆ. ಅವನ ಮುಖದಲ್ಲಿ ನೋವು ಕಂಡರೆ ಇಪ್ಪತ್ತಕ್ಕೇ ನಿಲ್ಲಿಸುತ್ತಾಳೆ. ಅವಳಿಗೆ ಫಿಸಿಯೋಥೆರಪಿ ಪದವಿಯ ಬಾಗಿಲು ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. ಮುಚ್ಚಿದ ಸದ್ದೂ ಅವಳಿಗೆ ಕೇಳಿಸಿರಲಿಲ್ಲ.

ಅವತ್ತಿನಿಂದ ನಾನು ಪ್ರವೇಶ ಕೈಪಿಡಿಗಳನ್ನು ಕಾದಂಬರಿ ಓದುವಷ್ಟು ಗಮನ ಕೊಟ್ಟು ಓದುತ್ತೇನೆ. ಅವುಗಳಲ್ಲಿ 'ಅರ್ಹತೆ' ಎಂಬ ಒಂದು ಕಾಲಂ ಇರುತ್ತದೆ. ಎಂಜಿನಿಯರಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ, ಐಚ್ಛಿಕ ವಿಷಯಗಳಲ್ಲಿ ಶೇ. 45, ಮೀಸಲಾತಿ ಇರುವವರಿಗೆ ಶೇ. 40. ಎಂಬಿಬಿಎಸ್‌ಗೆ ಭೌತ, ರಸಾಯನ, ಜೀವಶಾಸ್ತ್ರ ಮತ್ತು ನೀಟ್. ಫಿಸಿಯೋಥೆರಪಿಯ ಪದವಿ ಬಿಪಿಟಿಗೂ ಅವೇ ಮೂರು ವಿಷಯ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪದವಿಗೆ ಭೌತ, ರಸಾಯನದ ಜೊತೆ ಜೀವಶಾಸ್ತ್ರವೋ ಗಣಿತವೋ ಅಂಥದ್ದೊಂದು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗವಾದರೂ ನಡೆಯುತ್ತದೆ, ಶೇ. 45 ಇದ್ದರಾಯಿತು. ಬಿಎ, ಬಿಕಾಂ, ಬಿಎಸ್‌ಡಬ್ಲ್ಯು ಎಲ್ಲರಿಗೂ ತೆರೆದಿವೆ. ಬಿಎಸ್ಸಿ ಮಾತ್ರ ಸಯನ್ಸ್ ಓದಿದವರಿಗೆ.

ಈ ಕಾಲಮ್ಮುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು. ಸಯನ್ಸಿನಿಂದ ಎಲ್ಲ ಕಡೆಗೂ ದಾರಿ ಉಂಟು, ಆರ್ಟ್ಸಿನಿಂದ ಸಯನ್ಸಿಗೆ ವಾಪಸು ದಾರಿ ಇಲ್ಲ. ಷರತ್ತು ಬರೆದದ್ದು ಹದಿನೆಂಟು ತುಂಬಿದವರಿಗೆ, ಅದರ ಭಾರ ಬೀಳುವುದು ಹದಿನಾರರ ಮಕ್ಕಳ ಮೇಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಪಿಯು ಕಾಲೇಜಿನ ಅರ್ಜಿಯಲ್ಲಿ ಕಾಂಬಿನೇಶನ್ ಎದುರು ಒಂದು ಗುರುತು ಹಾಕುತ್ತಾರೆ. ಆ ಗುರುತಿನಿಂದ ಯಾವ ಯಾವ ಪದವಿ ಕೈತಪ್ಪುತ್ತದೆ ಎಂದು ಆ ಅರ್ಜಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಅದು ಇರುವುದು ಎರಡು ವರ್ಷ ಕಳೆದ ಮೇಲೆ ಕೈಗೆ ಬರುವ ಇನ್ನೊಂದು ಪುಸ್ತಕದಲ್ಲಿ. ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ನಾನು ಅರ್ಹತೆಯ ವಿರೋಧಿಯಲ್ಲ. ಜೀವಶಾಸ್ತ್ರದ ಗಂಧವಿಲ್ಲದವರು ನಮ್ಮ ಮಕ್ಕಳ ಬೆನ್ನುಹುರಿ ಮುಟ್ಟಬಾರದು. 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ತನ್ನ ಕೈಪಿಡಿಯಲ್ಲಿ ಹದಿನಾಲ್ಕು ವಿಷಯಗಳ ಪಟ್ಟಿ ಕೊಟ್ಟು, ಅದರಲ್ಲಿ ಯಾವುದಾದರೂ ಮೂರು ಓದಿದ್ದರೆ ಎಂಜಿನಿಯರಿಂಗಿಗೆ ಅರ್ಹರು ಅಂದಿತು. ಬಿಸಿನೆಸ್ ಸ್ಟಡೀಸೂ ಆ ಪಟ್ಟಿಯಲ್ಲಿತ್ತು. ಕರ್ನಾಟಕ ಭೌತಶಾಸ್ತ್ರ, ಗಣಿತವನ್ನು ಬಿಟ್ಟುಕೊಡಲಿಲ್ಲ. ಅದು ಸರಿ ಎಂದೇ ನನ್ನ ಅಭಿಪ್ರಾಯ. ಗಣಿತ ಬಾರದ ಹುಡುಗನನ್ನು ಒಳಗೆ ಕರೆದು ಫೀಸು ಕಟ್ಟಿಸಿಕೊಂಡು ಮೊದಲ ಸೆಮಿಸ್ಟರಿನಲ್ಲೇ ಬೀಳಿಸುವುದು ಉಪಕಾರವಲ್ಲ. ನನ್ನ ತಕರಾರು ಬೇರೆ. ಹದಿನೆಂಟು ವರ್ಷದವಳು "ನನಗೆ ಜೀವಶಾಸ್ತ್ರ ಬೇಕು, ಈಗ ಕಲಿಯುತ್ತೇನೆ" ಅಂದರೆ ಅವಳಿಗೆ ಕೂತು ಕಲಿಯಲು ಒಂದು ಬೆಂಚು ಎಲ್ಲಿ ಉಂಟು?

ಅವಳು ಆರ್ಟ್ಸ್ ತೆಗೆದುಕೊಂಡದ್ದು ಸಯನ್ಸಿಗೆ ಹೆದರಿ ಅಲ್ಲ, ಬಸ್ಸಿನ ಲೆಕ್ಕ ಹಾಕಿ. ಸಂಜೆ ಆರರೊಳಗೆ ಮನೆಗೆ ಬರಬೇಕು, ಅಣ್ಣನನ್ನು ಹೊರಳಿಸಬೇಕು, ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಏಳುವ ಹಾಗಿಲ್ಲ. ಉಜಿರೆ, ಮೂಡುಬಿದಿರೆ ಕಡೆ ಒಳ್ಳೆಯ ಸಯನ್ಸ್ ಕಾಲೇಜುಗಳಿವೆ. ಉಜಿರೆಯ ಎಸ್‌ಡಿಎಂ ಕಾಲೇಜು 1966ರಿಂದ ಈ ತಾಲೂಕಿನ ಎಷ್ಟೋ ಮನೆಗಳ ಮೊದಲ ಪದವೀಧರರನ್ನು ಕಂಡಿದೆ. ಮೂಡುಬಿದಿರೆಯ ಹಾಸ್ಟೆಲುಗಳಿಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಕೊಕ್ಕಡದ ಒಳಗಿನ ಮನೆಯಿಂದ ಹೊರಡುವವಳಿಗೆ ಮೊದಲು ಮುಖ್ಯರಸ್ತೆಗೆ ಎರಡು ಕಿಲೋಮೀಟರ್ ನಡೆಯಬೇಕು. ಮಳೆಗಾಲದಲ್ಲಿ ಅದೇ ಮುಕ್ಕಾಲು ಗಂಟೆ. ಪ್ರಾಕ್ಟಿಕಲ್ ಇರುವ ದಿನ ಕೊನೆಯ ಬಸ್ಸು ಸಿಕ್ಕಿದರೆ ಪುಣ್ಯ. ಯಾವ ಕೈಪಿಡಿಯ ಅರ್ಹತೆಯ ಕಾಲಮ್ಮಿನಲ್ಲೂ ಇದು ಇಲ್ಲ, ಎಲ್ಲಕ್ಕಿಂತ ಮೊದಲು ಜರಡಿ ಹಿಡಿಯುವುದು ಇದೇ.

ಸರಕಾರಕ್ಕೆ ಈ ದೂರದ ಅರಿವು ಇಲ್ಲವೆಂದಲ್ಲ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇಟ್ಟಿದ್ದಾರೆ. ನಮ್ಮ ಪ್ರವೇಶ ನಿಯಮಗಳಲ್ಲಿ ನಾನು ಮನಸಾರೆ ಮೆಚ್ಚುವ ಎರಡು ಸಾಲುಗಳು ಇವು. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯಲ್ಲಿ, ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಆದರೆ ಎಂಟನೆಗೆ ಮಗನನ್ನು ಪುತ್ತೂರು ನಗರದ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ತಂದೆಗೆ ಎರಡೂ ತಪ್ಪುತ್ತವೆ, ತಪ್ಪಿದ್ದು ತಿಳಿಯುವುದು ಐದು ವರ್ಷದ ನಂತರ. ಮತ್ತೆ ಅದೇ ಕಥೆ, ಇಲ್ಲಿ ಅಗುಳಿ ಬೀಳುವುದು ಹದಿಮೂರಕ್ಕೆ. ಅದಲ್ಲದೆ ಈ ಮೀಸಲಾತಿ ಇರುವುದು ಸಯನ್ಸಿನ ಹೊಸಿಲು ದಾಟಿ ಬಂದವರಿಗೆ. ಹೊಸಿಲಿನ ಹೊರಗೇ ಉಳಿದವಳಿಗೆ ಅದರಿಂದ ಏನೂ ಸಿಗುವುದಿಲ್ಲ.

ದಾರಿ ಮಾಡಬೇಕೆಂದು ಮನಸ್ಸು ಮಾಡಿದಲ್ಲಿ ದಾರಿ ಆಗಿದೆ ಎಂಬುದಕ್ಕೆ ಪಾಲಿಟೆಕ್ನಿಕ್ ನೋಡಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐಗೆ ಹೋದ ಹುಡುಗ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿಯ ಮುಖವನ್ನೇ ನೋಡದೆ ಎಂಜಿನಿಯರ್ ಆಗುವ ಏಣಿ ಇದು. 1946ರಲ್ಲಿ ಶುರುವಾದ ಮಂಗಳೂರು ಕದ್ರಿಯ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಓದಿದ ಎಷ್ಟೋ ಬಡ ಮಕ್ಕಳು ಸಂಸಾರ ಎತ್ತಿ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಯಂತ್ರ ರಿಪೇರಿಯ ಕೈಗೆ ಸಿಕ್ಕ ಈ ಏಣಿ, ಕಾಯಿಲೆಯವರನ್ನು ನೋಡಿಕೊಳ್ಳುವ ಕೈಗೆ ಯಾಕೆ ಸಿಗಬಾರದು? ನನಗೆ ತೃಪ್ತಿಯಾಗುವ ಉತ್ತರ ಯಾರೂ ಕೊಟ್ಟಿಲ್ಲ.

ಮುಚ್ಚಿದ ಬಾಗಿಲಿನಲ್ಲಿ ಬಿರುಕುಗಳು ಬಿಟ್ಟಿವೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದಿತು. ಗಣಿತ ತೆಗೆದುಕೊಂಡು ಜೀವಶಾಸ್ತ್ರ ಬಿಟ್ಟವರಿಗೆ ಅದು ದೊಡ್ಡ ಸಮಾಧಾನ. 2024ರ ಡಿಸೆಂಬರಿನಲ್ಲಿ ಯುಜಿಸಿಯ ಕರಡು ಇನ್ನೂ ಮುಂದೆ ಹೋಯಿತು. ಪಿಯುಸಿಯಲ್ಲಿ ಏನೇ ಓದಿರಲಿ, ಪ್ರವೇಶ ಪರೀಕ್ಷೆ ಪಾಸಾದರೆ ಯಾವ ವಿಷಯದ ಪದವಿಗೂ ಸೇರಬಹುದು ಎಂಬ ಮಾತು ಅದರಲ್ಲಿತ್ತು. ಓದಿದಾಗ ಖುಷಿಯಾಯಿತು. ರಾತ್ರಿ ಮತ್ತೆ ಓದಿದಾಗ ಖುಷಿ ಅರ್ಧಕ್ಕಿಳಿಯಿತು. ಪ್ರವೇಶ ಪರೀಕ್ಷೆ ಅಂದರೆ ಕೋಚಿಂಗ್. ಕೋಚಿಂಗ್ ಅಂದರೆ ಮತ್ತೆ ಹಾಸ್ಟೆಲು, ಮತ್ತೆ ಲಕ್ಷದ ಮಾತು. ಕೊಕ್ಕಡಕ್ಕೆ ಬೇಕಾದದ್ದು ಹತ್ತಿರದ ಸರಕಾರಿ ಕಾಲೇಜಿನಲ್ಲಿ ಒಂದು ವರ್ಷದ ಸೇತು ತರಗತಿ. ಜೀವಶಾಸ್ತ್ರ, ರಸಾಯನ, ಭೌತ, ಒಂದು ಲ್ಯಾಬು, ಮೂವರು ಮೇಷ್ಟ್ರು. ಕೊನೆಗೆ ಪರೀಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ಅವಳು ಪಾಸಾಗುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ನಾನು ಹೇಳಿದ್ದು ಇನ್ನೊಂದು ದಾರಿ. ಯಾವುದಾದರೂ ಪದವಿ, ಶೇ. 50 ಅಂಕ, ಆಮೇಲೆ ವಿಶೇಷ ಶಿಕ್ಷಣದ ಬಿಎಡ್. ಎಂಡೋ ಬಾಧಿತ ಮಕ್ಕಳಿಗೆ ಫಿಸಿಯೋಥೆರಪಿಯಷ್ಟೇ ಅಗತ್ಯವಾಗಿ ಬೇಕಾದವರು ವಿಶೇಷ ಶಿಕ್ಷಕರು. ಆ ಕೋರ್ಸಿನ ಅರ್ಹತೆಯ ಸಾಲು ಬರೆದವರಿಗೆ ನನ್ನ ನಮಸ್ಕಾರ. ಹದಿನಾರರಲ್ಲಿ ಏನು ಓದಿದೆ ಎಂದು ಅದು ಕೇಳುವುದಿಲ್ಲ. ಅಪ್ಪ ಕೇಳಿದರು, "ಅದು ಮುಗಿಸ್ಲಿಕ್ಕೆ ಎಷ್ಟು ವರ್ಷ ಆಗ್ತದೆ ಮಾಸ್ಟ್ರೇ?" ಬಿಎಗೆ ಮೂರು, ಬಿಎಡ್‌ಗೆ ಎರಡು ಅಂದೆ. ಅವರು ಬೆರಳಿನಲ್ಲಿ ಎಣಿಸಿ, ಮಗಳ ಮುಖ ನೋಡಿ, "ಅಡ್ಡಿಯಿಲ್ಲ" ಅಂದರು. ಅವಳು ಅಂಕಪಟ್ಟಿಯನ್ನು ಕವರಿಗೆ ಹಾಕುತ್ತ, "ನಂಗೆ ಹತ್ತನೇ ಕ್ಲಾಸಲ್ಲೇ ಯಾರಾದ್ರೂ ಹೇಳಿದ್ರೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಹೋದ ಮೇ ತಿಂಗಳಲ್ಲಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ, ಪೇಟೆಯ ಜೆರಾಕ್ಸ್ ಅಂಗಡಿಯ ಗೋಡೆಗೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿದೆವು. ಎಡಗಡೆ ಮುಂದೆ ಏನಾಗಬೇಕು, ಬಲಗಡೆ ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು. ಎಲ್ಲವೂ ಕನ್ನಡದಲ್ಲಿ, ದೂರದಿಂದ ಓದಲಾಗುವಷ್ಟು ದಪ್ಪ ಅಕ್ಷರದಲ್ಲಿ. ಬರೆದದ್ದು ಅವಳೇ, ಬಿಎ ಎರಡನೇ ವರ್ಷದ ಪರೀಕ್ಷೆಯ ನಡುವೆ ಒಂದು ಭಾನುವಾರ ಕೂತು. ಮೊದಲನೇ ಸಾಲಿಗೆ ಫಿಸಿಯೋಥೆರಪಿ ಹಾಕಿದ್ದಾಳೆ, ಕೆಂಪು ಶಾಯಿಯಲ್ಲಿ.