ಏಕತಾರಿಗೆ ಕಿವಿಗೊಡುವ ಬಗೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಭಜನೆಗೆ ಕೂತವರು ಏಕತಾರಿ ಹಿಡಿದು ತತ್ವಪದ ಹೇಳುತ್ತಾರೆ. ಹೊಸಬರಿಗೆ ಅದು ಒಂದೇ ಸಮನೆ ಸಾಗುವ ಹಾಡು ಅನ್ನಿಸಬಹುದು. ಹಾಗನ್ನಿಸಿದವರು ವಾದ್ಯದ ಹೆಸರಿನಿಂದಲೇ ಶುರುಮಾಡಲಿ.

ಹೆಸರು: ‘ಏಕ’ ಸಂಸ್ಕೃತದ್ದು, ‘ತಾರ್’ ಪಾರಸಿಯದ್ದು. ತಾರ್ ಎಂದರೆ ತಂತಿ. ಇರಾನಿನ ಸೆತಾರ್, ಮಧ್ಯ ಏಷ್ಯಾದ ದುತಾರ್, ನಮ್ಮ ಸಿತಾರ್, ಎಲ್ಲದರಲ್ಲೂ ಇರುವುದು ಇದೇ ತಾರ್. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲಕ್ಕೆ ಇಂಥ ಕೂಡುನುಡಿ ಪರಕೀಯವಲ್ಲ. ತತ್ವಪದಗಳ ಪರಂಪರೆಯೂ ಹಾಗೆಯೇ ಕೂಡಿ ಬೆಳೆದದ್ದು. ಇದೇ ಜಿಲ್ಲೆಯ ಕಡಕೋಳದ ತತ್ವಪದಕಾರ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರು ಜಲಾಲಸಾಹೇಬರೂ ಒಬ್ಬರು.

ಶ್ರುತಿ: ಮೊದಲು ತಂತಿಯನ್ನಷ್ಟೇ ಆಲಿಸಿ. ಏಕತಾರಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ, ರಾಗ ನುಡಿಸುವ ಕೆಲಸವೂ ಅದರದ್ದಲ್ಲ. ಹಾಡುವವರ ಕಂಠಕ್ಕೆ ಬಿರಡೆ ತಿರುಗಿಸಿ ಹೊಂದಿಸಿದ ಒಂದೇ ಸ್ವರ ಬಿಡದೆ ಮಿಡಿಯುತ್ತದೆ. ಕಂಠ ಆ ಸ್ವರದಿಂದ ಎಷ್ಟು ದೂರ ಹೋಯಿತು, ಹೇಗೆ ಮರಳಿತು ಎಂಬುದನ್ನು ಹಿಂಬಾಲಿಸಿದರೆ ಅರ್ಧ ಸವಿ ಸಿಕ್ಕಂತೆ.

ಪಲ್ಲವಿ: ಪ್ರತಿ ನುಡಿ ಮುಗಿದ ಮೇಲೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಮಾತು ಅದೇ ಆದರೂ ಹಿಂದಿನ ನುಡಿಯ ಅರ್ಥ ಅದಕ್ಕೆ ಸೇರಿಕೊಂಡಿರುತ್ತದೆ. ಮೊದಲ ಸಲ ಒಗಟಿನಂತಿದ್ದ ಸಾಲು ಕೊನೆಯ ಹೊತ್ತಿಗೆ ಉಪದೇಶವಾಗಿರುತ್ತದೆ.

ಒಳಮಾತು: ಹಲವು ಊರುಗಳಲ್ಲಿ ಏಕತಾರಿಯನ್ನೇ ತಂಬೂರಿ ಅನ್ನುತ್ತಾರೆ. ಪದದೊಳಗೆ ತಂಬೂರಿ ಬಂತೆಂದರೆ ಎಚ್ಚರವಾಗಿ, ಅಲ್ಲಿ ಅದು ಬಹುಪಾಲು ಮನುಷ್ಯದೇಹ. ಕೈಯಲ್ಲಿರುವುದು ಒಂದೇ ತಂತಿಯಾದರೂ ಪದದಲ್ಲಿ ತಂತಿ ಮೂರೆಂದರೆ ಅವು ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳು. ಬಾರಿಸುವವನು ಒಳಗಿನ ಜೀವ, ಶ್ರುತಿಗೂಡಿಸಿ ಕೊಡುವವನು ಗುರು. ಕೈಯಲ್ಲಿರುವ ವಾದ್ಯವೇ ಹಾಡಿನ ವಸ್ತುವೂ ಆಗುವ ಈ ಗಳಿಗೆಯಲ್ಲಿ ಏಕತಾರಿ ತನ್ನ ಪೂರ್ತಿ ಅರ್ಥ ಬಿಟ್ಟುಕೊಡುತ್ತದೆ.

ಅಂಕಿತ: ಕೊನೆಯ ನುಡಿಯಲ್ಲಿ ಗುರುವಿನ ಅಥವಾ ದೈವದ ಹೆಸರು ಬರುತ್ತದೆ. ಪದಕಾರರು ಯಾರೆಂದು ಗುರುತಿಸಲು ಅದೇ ದಾರಿ. ಅಂಕಿತ ಮುಗಿಯುವ ತನಕ ಚಪ್ಪಾಳೆ ಬೇಡ.

ಧ್ವನಿಮುದ್ರಿಕೆಯಲ್ಲಿ ಕೇಳಿದರೆ ಮಾತು ಮತ್ತು ಧಾಟಿ ಕಲಿಯಬಹುದು. ಆದರೆ ಒಮ್ಮೆಯಾದರೂ ಗುಡಿಯ ಅಂಗಳದಲ್ಲಿ, ಶಹಾಬಾದಿ ಫರ್ಶಿಯ ಮೇಲೆ ಜನರ ನಡುವೆ ಕೂತು ಕೇಳಿ. ಪಲ್ಲವಿ ಬಾಯಿಗೆ ಬಂದೊಡನೆ ನೀವೂ ದನಿಗೂಡಿಸಿ. ಭಜನೆಯಲ್ಲಿ ಕೇಳುಗರ ಸಾಲು ಬೇರೆ ಇರುವುದಿಲ್ಲ, ಕೂತವರೆಲ್ಲ ಹಿಮ್ಮೇಳದವರೇ.