ಬಸುರಿಯ ಫೋನು ಯಾರ ಕೈಯಲ್ಲಿದೆ?

ಅರಕಲಗೂಡು ತಾಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ತಮ್ಮ ದಾಖಲೆ ಪುಸ್ತಕವನ್ನು ನಮ್ಮ ಮುಂದೆ ಬಿಡಿಸಿಟ್ಟರು. ಪ್ರತಿ ಗರ್ಭಿಣಿಯ ಹೆಸರಿನ ಮುಂದೆ ಒಂದೊಂದು ಮೊಬೈಲ್ ಸಂಖ್ಯೆ. ಇವೆಲ್ಲ ಆಯಾ ಹೆಣ್ಣುಮಕ್ಕಳದ್ದೇ ಏನು ಎಂದು ಕೇಳಿದೆವು. ಅವರು ನಕ್ಕರು. "ಇದು ಗಂಡಂದು. ಇದು ಮೈದುನಂದು. ಇದು ಅವಳ ಅಣ್ಣಂದು, ಅವನು ಬೆಂಗಳೂರಲ್ಲಿರ್ತಾನೆ. ಇದು ನಂದೇ. ಏನ್ ಮಾಡೋದು, ನಂಬರ್ ಹಾಕ್ದಿದ್ರೆ ಕಂಪ್ಯೂಟರ್ ತಗೊಳಲ್ವಲ್ಲ!"

ಮೊಬೈಲ್ ಮೂಲಕ ತಾಯಂದಿರ ಆರೋಗ್ಯ ಕಾಪಾಡುತ್ತೇವೆ ಎನ್ನುವ ಎಲ್ಲ ಯೋಜನೆಗಳ ಬುಡದಲ್ಲಿರುವ ಸಂಗತಿ ಇದು. 2009ರಲ್ಲಿ ಕೇಂದ್ರ ಸರಕಾರ ತಾಯಿ ಮತ್ತು ಮಗುವಿನ ಜಾಡು ಹಿಡಿಯುವ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. ಗರ್ಭಿಣಿಯ ಹೆಸರು, ಊರು, ಫೋನ್ ಸಂಖ್ಯೆ, ಪಡೆದ ಚುಚ್ಚುಮದ್ದು ಎಲ್ಲವೂ ಅದರಲ್ಲಿ ಸೇರಬೇಕಿತ್ತು. ಈಗ ಅದೇ ಕೆಲಸವನ್ನು ಆರ್‌ಸಿಎಚ್ ಪೋರ್ಟಲ್ ಮಾಡುತ್ತಿದೆ. ಆಲೋಚನೆ ಕೆಟ್ಟದ್ದಲ್ಲ. ಮೂರನೇ ತಿಂಗಳಲ್ಲಿ ಒಮ್ಮೆ ಬಂದು ಆಮೇಲೆ ಮುಖ ತೋರಿಸದ ಬಸುರಿ ಎಲ್ಲಿದ್ದಾಳೆಂದು ಆರೋಗ್ಯ ಕೇಂದ್ರಕ್ಕೆ ತಿಳಿಯಲೇಬೇಕು. ತವರಿಗೆ ಹೋದವಳ ಹೆಸರು ಎರಡೂ ಊರುಗಳ ಪುಸ್ತಕದಲ್ಲಿ ಇಲ್ಲದಂತಾಗಬಾರದು. ಆದರೆ ಜಾಡು ಹಿಡಿಯುವುದು ಬೇರೆ, ಕೈ ಹಿಡಿಯುವುದು ಬೇರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲೂಕುಗಳಲ್ಲಿ ಇಂದು ಮೊಬೈಲ್ ಇಲ್ಲದ ಮನೆ ಹುಡುಕುವುದು ಕಷ್ಟ. ತೆಂಗಿನ ತೋಟದ ಮೋಟಾರನ್ನು ಮನೆಯ ಜಗಲಿಯಿಂದಲೇ ಫೋನಿನಲ್ಲಿ ಚಾಲೂ ಮಾಡುವ ರೈತರಿದ್ದಾರೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ತಂಬಾಕಿಗೆ ಬಿದ್ದ ಬೆಲೆ ಗಳಿಗೆಯೊಳಗೆ ಊರಿಗೆ ಮುಟ್ಟುತ್ತದೆ. ಆದರೆ ಮನೆಯಲ್ಲಿ ಫೋನಿದೆ ಎನ್ನುವುದಕ್ಕೂ ಮನೆಯ ಸೊಸೆಯ ಬಳಿ ಫೋನಿದೆ ಎನ್ನುವುದಕ್ಕೂ ಅಜಗಜಾಂತರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಾವೇ ಬಳಸುವ ಮೊಬೈಲ್ ಹೊಂದಿರುವ ಮಹಿಳೆಯರು ದೇಶದಲ್ಲಿ ನೂರಕ್ಕೆ 54, ಕರ್ನಾಟಕದಲ್ಲಿ ಸುಮಾರು 62. ಉಳಿದವರಿಗೆ ಹೋದ ಸಂದೇಶ ಯಾರ ಕಿವಿಗೆ ಬಿತ್ತು? ಹೊಲದಲ್ಲಿರುವ ಗಂಡನ ಅಂಗಿ ಜೇಬಿನಲ್ಲಿ "ನಿಮಗೆ ಈಗ ಆರನೆಯ ತಿಂಗಳು" ಎಂದು ಒಂದು ಧ್ವನಿ ಹೇಳಿದರೆ ಅವನು ಮುಜುಗರದಿಂದ ಕರೆ ಕಡಿಯುತ್ತಾನೆ, ಅಷ್ಟೆ.

ಈ ಧ್ವನಿಯ ಬಗ್ಗೆ ಸ್ವಲ್ಪ ಮಾತಾಡಬೇಕು. ಬಿಹಾರದಲ್ಲಿ ಬಿಬಿಸಿ ಮೀಡಿಯಾ ಆಕ್ಷನ್ ಸಂಸ್ಥೆ ಆರಂಭಿಸಿದ 'ಕಿಲ್ಕಾರಿ'ಯನ್ನು ಕೇಂದ್ರ ಸರಕಾರ 2016ರ ಜನವರಿಯಲ್ಲಿ ತನ್ನ ಯೋಜನೆಯಾಗಿ ಮಾಡಿಕೊಂಡಿತು. ಗರ್ಭದ ನಾಲ್ಕನೆಯ ತಿಂಗಳಿಂದ ಮಗುವಿಗೆ ವರ್ಷ ತುಂಬುವ ತನಕ ವಾರಕ್ಕೊಂದರಂತೆ 72 ಮುದ್ರಿತ ಸಂದೇಶಗಳು. ಮಾತಾಡುವವರು ಡಾಕ್ಟರ್ ಅನಿತಾ ಎಂಬ ಕಲ್ಪಿತ ವೈದ್ಯೆ. ಓದು ಬಾರದವರಿಗೂ ಕೇಳಿಸಲಿ ಎಂದು ಅಕ್ಷರ ಬಿಟ್ಟು ಧ್ವನಿಯನ್ನು ಆರಿಸಿಕೊಂಡದ್ದು ಒಳ್ಳೆಯ ಆಯ್ಕೆ. ಗದರಿಸದ, ಹಿರಿಯಕ್ಕನಂತಹ ವೈದ್ಯೆಯನ್ನು ಸೃಷ್ಟಿಸಿದ್ದೂ ಸರಿ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಬಯ್ಗುಳ ತಿಂದು ಬಂದವರಿಗೆ ಅಂತಹ ಒಂದು ಧ್ವನಿ ಎಷ್ಟು ಹಿತವೆಂದು ಗೊತ್ತು. ಆದರೆ ಡಾಕ್ಟರ್ ಅನಿತಾ ಹೇಳುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಹೆಣ್ಣನ್ನು ಬರೀ ಕಿವಿಯಾಗಿ ಕಂಡ ಯೋಜನೆ ಅದು. ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರ ನಡುವೆ ಇದನ್ನು ಪರೀಕ್ಷಿಸಿದಾಗ ಗರ್ಭನಿರೋಧಕ ಬಳಕೆ ತುಸು ಹೆಚ್ಚಿದ್ದು ಕಂಡಿತು. ಆರು ತಿಂಗಳು ಎದೆಹಾಲನ್ನಷ್ಟೇ ಕೊಡುವ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೂ ಹೇಗಾದರೂ ಫೋನು ಕೈಗೆ ಸಿಗುತ್ತಿದ್ದ ಮಹಿಳೆಯರಲ್ಲಿ!

ನಮ್ಮ ಮನೆಗಳನ್ನೇ ನೋಡಿ. ಹಾಸನದ ಮುಸ್ಲಿಂ ಮನೆಗಳಲ್ಲಿ ಹೆಚ್ಚಾಗಿ ಆಡುವುದು ದಖ್ಖನಿ, ಸಕಲೇಶಪುರದ ಕಡೆ ಬ್ಯಾರಿಯೂ ಇದೆ. ಹೆಣ್ಣುಮಕ್ಕಳಿಗೆ ಕನ್ನಡ ಬರುತ್ತದೆ, ಆದರೆ ಅದು ಸಂತೆಯ ಕನ್ನಡ, ಶಾಲೆಯ ಕನ್ನಡ. ಆರೋಗ್ಯ ಇಲಾಖೆಯ 'ರಕ್ತಹೀನತೆ', 'ಅಧಿಕ ರಕ್ತದೊತ್ತಡ' ಅವರಿಗೆ ಮಾತ್ರವಲ್ಲ, ಪಕ್ಕದ ಮನೆಯ ಗೌಡರ ಸೊಸೆಗೂ ಪರಭಾಷೆಯೇ. ಆಕೆ "ಮೈಯಲ್ಲಿ ರಕ್ತ ಕಮ್ಮಿ" ಎನ್ನುತ್ತಾಳೆ, ಈಕೆ "ಖೂನ್ ಕಮ್" ಎನ್ನುತ್ತಾಳೆ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಇವೆಲ್ಲ ಬಿಪಿ ಏರಿದ ಸೂಚನೆ, ಕೂಡಲೇ ಹೊರಡು ಎಂದು ಮನೆಮಾತಿನಲ್ಲಿ ಹೇಳುವವರು ಬೇಕು. ರಮಝಾನಿನಲ್ಲಿ ಕಬ್ಬಿಣದ ಮಾತ್ರೆಯನ್ನು ಯಾವಾಗ ನುಂಗಲಿ? ಗರ್ಭಿಣಿ ಉಪವಾಸವನ್ನು ಮುಂದಕ್ಕೆ ಹಾಕಬಹುದೆಂಬ ರಿಯಾಯಿತಿ ಧರ್ಮದಲ್ಲಿದೆ. ಆದರೂ ಅತ್ತೆಯ ಎದುರು ಬಾಯಿ ಬಿಡಲಾರದೆ ಹಿಡಿಯುವವರಿದ್ದಾರೆ. ಈ ಪ್ರಶ್ನೆಯನ್ನು ಮುದ್ರಿತ ಧ್ವನಿಗೆ ಕೇಳುವುದು ಹೇಗೆ? ಆಶಾ ಅಕ್ಕನಿಗೆ ಕೇಳಬಹುದು.

ನಮ್ಮ ರಾಜ್ಯದಲ್ಲೇ ನಡೆದ ಇನ್ನೊಂದು ಪ್ರಯೋಗ ಇದಕ್ಕಿಂತ ಗಂಭೀರವಾದದ್ದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ 'ಕ್ಲಿಪ್' ಎಂಬ ಅಧ್ಯಯನ ನಡೆಸಿತು. ಪಾಕಿಸ್ತಾನ ಮತ್ತು ಮೊಝಾಂಬಿಕ್‌ನಲ್ಲೂ ಅದೇ ಮಾದರಿಯ ಕೆಲಸ ನಡೆಯಿತು. ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಬಿಪಿ ನೋಡುತ್ತಿದ್ದರು. ಕೈಯಲ್ಲಿದ್ದ ಸಾಧನದ ಆ್ಯಪ್ ಅಪಾಯವೆಷ್ಟೆಂದು ಲೆಕ್ಕ ಹಾಕಿ, ಮಾತ್ರೆ ಕೊಡು, ಚುಚ್ಚುಮದ್ದು ಹಾಕಿ ಆಸ್ಪತ್ರೆಗೆ ಕಳಿಸು ಎಂದು ಸೂಚಿಸುತ್ತಿತ್ತು. 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮೂರೂ ದೇಶಗಳ ಫಲಿತಾಂಶ ಒಟ್ಟಾಗಿ ಬಂತು. ಒಟ್ಟಾರೆಯಾಗಿ ತಾಯಿ ಮಗುವಿನ ಸಾವು ನೋವು ಇಳಿಯಲಿಲ್ಲ. ಆದರೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಕಾರ್ಯಕರ್ತೆ ಭೇಟಿಯಾದ ಗರ್ಭಿಣಿಯರಲ್ಲಿ ಫಲ ಉತ್ತಮವಾಗಿತ್ತು. ಇದನ್ನು ಸಾಧನದ ಸೋಲೆಂದು ಓದುವವರಿದ್ದಾರೆ. ನಾವು ಹಾಗೆ ಓದುವುದಿಲ್ಲ. ಹೊಸ್ತಿಲು ತುಳಿದ ಕಾಲುಗಳು ಎಷ್ಟು ಸಲ ತುಳಿದವು ಎಂಬುದೇ ಅಲ್ಲಿನ ಮುಖ್ಯ ಅಂಕಿ.

ಆ ಕಾಲುಗಳ ಗತಿಯೇನು? 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತರು. ತಿಂಗಳಿಗೆ ಹತ್ತು ಸಾವಿರ ಖಾತ್ರಿ ಎಂಬ ಭರವಸೆ ಪಡೆದು ಎದ್ದರು. ಪ್ರೋತ್ಸಾಹಧನವನ್ನು ಪೋರ್ಟಲಿಗೆ ಕಟ್ಟಿಹಾಕಬೇಡಿ ಎಂಬ ಬೇಡಿಕೆಯನ್ನು ಅವರು ವರ್ಷಗಳಿಂದ ಮುಂದಿಡುತ್ತಾ ಬಂದಿದ್ದಾರೆ. ಹೆರಿಗೆ ಮಾಡಿಸಿಕೊಂಡು ಬಂದದ್ದು ನಿಜ, ಆದರೆ ಪರದೆಯ ಮೇಲೆ ಬಂದಿಲ್ಲ, ಹಾಗಾಗಿ ದುಡ್ಡಿಲ್ಲ! ದೇಹಕ್ಕಿಂತ ದಾಖಲೆ ದೊಡ್ಡದಾದಾಗ ಏನಾಗುತ್ತದೆ ಎಂಬುದನ್ನು 2022ರ ನವೆಂಬರ್‌ನಲ್ಲಿ ತುಮಕೂರು ಕಂಡಿದೆ. ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸಾದ ತಮಿಳು ಕೂಲಿ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಹೆತ್ತು, ಅವಳಿ ಶಿಶುಗಳೊಂದಿಗೆ ತಾನೂ ತೀರಿಕೊಂಡಳು.

ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. 2025ರ ಜುಲೈಯಿಂದ ಗರ್ಭಿಣಿ ಅಂಗನವಾಡಿಯಿಂದ ಮನೆಗೆ ಒಯ್ಯುವ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ತೋರಿಸಬೇಕು. ನೋಂದಣಿಗೆ ಫೋನಿಗೆ ಬಂದ ಓಟಿಪಿಯನ್ನೂ ಹೇಳಬೇಕು. ಫೋನು ಗಂಡನ ಜೊತೆ ಲಾರಿಯಲ್ಲಿ ಮಹಾರಾಷ್ಟ್ರದಲ್ಲಿದ್ದರೆ? ಇದು ಬುರ್ಖಾದ ಪ್ರಶ್ನೆ ಎಂದು ಕೆಲವರು ತಕ್ಷಣ ಹೊರಳಿಸಬಹುದು. ಅಂಗನವಾಡಿ ಟೀಚರ್ ಎದುರು ಮುಖ ತೆರೆಯಲು ನಮ್ಮ ಹೆಣ್ಣುಮಕ್ಕಳಿಗೆ ಅಡ್ಡಿಯೇನಿಲ್ಲ. ಆ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದೇ ಅಳುಕು. ಹಾಸನ ಜಿಲ್ಲೆಯಲ್ಲಿ ಈ ಅಳುಕನ್ನು ಯಾರೂ ಹಗುರವಾಗಿ ನೋಡಬಾರದು. 2024ರ ಏಪ್ರಿಲ್‌ನಲ್ಲಿ ಇಲ್ಲಿನ ಬೀದಿಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದು, ದೌರ್ಜನ್ಯಕ್ಕೊಳಗಾದ ಮಹಿಳೆಯರ ಮುಖಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ನೋಡಿದವರಲ್ಲಿ ನಾಚಿದವರು ಕಡಿಮೆ. ಆ ನೆನಪಿರುವ ಊರಿನಲ್ಲಿ ಹೆಣ್ಣೊಬ್ಬಳು ಫೋನಿನ ಕಣ್ಣಿಗೆ ಹಿಂಜರಿದರೆ ಅದನ್ನು ಅಜ್ಞಾನ ಎನ್ನಲಾಗದು.

ಹಾಗೆಂದು ನಾವು ಫೋನಿನ ವಿರೋಧಿಗಳಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ ಅದು 69ಕ್ಕೆ ಇಳಿಯಿತು. (ಅದೇ ಅವಧಿಯಲ್ಲಿ ಕೇರಳದಲ್ಲಿ 19.) ಈ ಇಳಿಕೆಯಲ್ಲಿ ಫೋನಿಗೂ ಪಾಲಿದೆ, ಆದರೆ ಉಪದೇಶಿಸುವ ಫೋನಿಗಲ್ಲ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108ಕ್ಕೆ ಯಾರ ಫೋನಿನಿಂದಲಾದರೂ ಕರೆಯಬಹುದು, ಓಟಿಪಿ ಕೇಳುವುದಿಲ್ಲ. 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ತಾಯಿ ಸಾಯುವುದು ಮೂರು ವಿಳಂಬಗಳಿಂದ ಎಂದಿದ್ದರು: ಹೊರಡಲು ಮನಸ್ಸು ಮಾಡುವಲ್ಲಿ, ದಾರಿಯಲ್ಲಿ, ಆಸ್ಪತ್ರೆಯೊಳಗೆ. ಮೊದಲ ಎರಡನ್ನು ಫೋನು ಕಡಿಮೆ ಮಾಡಬಲ್ಲದು. ಮೂರನೆಯದಕ್ಕೆ ರಕ್ತದ ಬಾಟಲಿ ಬೇಕು, ಅರಿವಳಿಕೆ ವೈದ್ಯರು ಬೇಕು. ರಾತ್ರಿ ತಾಲೂಕು ಆಸ್ಪತ್ರೆಯಿಂದ "ಹಾಸನಕ್ಕೆ ಕರ್ಕೊಂಡು ಹೋಗಿ" ಎಂದಾಗ ಅಲ್ಲಿ ಕಾದಿರುವವರು ಬೇಕು.

ದಕ್ಷಿಣ ಆಫ್ರಿಕಾ 2014ರಲ್ಲಿ ಆರಂಭಿಸಿದ 'ಮಾಮ್‌ಕನೆಕ್ಟ್'ನಲ್ಲಿ ಗರ್ಭಿಣಿಯೇ ತಿರುಗಿ ಸಂದೇಶ ಕಳಿಸಬಹುದು. ಪ್ರಶ್ನೆ ಕೇಳಬಹುದು, ನರ್ಸ್ ಬೈದರೆಂದು ದೂರಬಹುದು, ಚೆನ್ನಾಗಿ ನೋಡಿಕೊಂಡರೆಂದು ಹೊಗಳಲೂಬಹುದು. ನಮ್ಮಲ್ಲಿ ಆ ಕೆಲಸವನ್ನು ಯಾವ ಸಂಸ್ಥೆಯೂ ಹೇಳದೆ ಆಶಾಗಳ ಸ್ವಂತ ಫೋನುಗಳು ಮಾಡುತ್ತಿವೆ. ಅರಕಲಗೂಡಿನ ಆ ಕಾರ್ಯಕರ್ತೆ ರಾತ್ರಿ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು ಮಲಗುತ್ತಾರಂತೆ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಎರಡು ಗಂಟೆಗೆ ಕರೆ ಬಂದರೂ ಎತ್ತುತ್ತಾರೆ. ರೀಚಾರ್ಜ್ ಯಾರು ಮಾಡಿಸುತ್ತಾರೆ ಎಂದು ಕೇಳಿದೆವು. "ನಾನೇ," ಎಂದರು, "ಇನ್ಯಾರು?"